ಓದಿದ್ದನ್ನೇ ಓದಿಸಬೇಡಿ, ಪುಸ್ತಕ ಮುಚ್ಚಿಸಿ

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಒಂದೇ ಪಾಠವನ್ನು ನಾಲ್ಕು ಸಲ ಓದಿದರೆ ಎಲ್ಲ ಬಂದ ಹಾಗೇ ಅನ್ನಿಸುತ್ತೆ. ಆದರೆ ಕಣ್ಣಿಗೆ ಪರಿಚಯವಾಗೋದೇ ಬೇರೆ, ನೆನಪಿನಿಂದ ಹೊರತೆಗೆಯೋದೇ ಬೇರೆ.

ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು. ವಾರದ ಮೇಲೆ ಕೇಳಿದರೆ ಉಲ್ಟಾ: ಅವರಿಗೆ ನೆನಪಿದ್ದದ್ದು ಸುಮಾರು ಶೇ 42, ಒಮ್ಮೆ ಓದಿ ಒಮ್ಮೆ ನೋಡದೆ ಬರೆದವರಿಗೆ ಶೇ 56.

ಹೀಗೆ ಮಾಡಿಸಿ. ವಿಜ್ಞಾನದ ಪಾಠ ಒಮ್ಮೆ ಓದಿದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಲಿ. ಹೃದಯದ ಚಿತ್ರವಿದ್ದರೆ ನೋಡದೆ ಬಿಡಿಸಿ ಭಾಗಗಳನ್ನು ಗುರುತಿಸಲಿ. ತಡವರಿಸುತ್ತಾರೆ, ತಡವರಿಸಲಿ, ತಕ್ಷಣ ಹೇಳಿಕೊಡಬೇಡಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಲ್ಲಿ ಸೇರಿಸಲಿ. ಅದೇ ಪಾಠ ಎರಡು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ದಯವಿಟ್ಟು ಇದಕ್ಕೂ ಮಾರ್ಕ್ಸ್ ಹಾಕೋಕೆ ಹೋಗಬೇಡಿ, ಟ್ಯೂಷನ್‌ನಲ್ಲಿ ಅದು ಬೇಕಾದಷ್ಟಾಗಿರುತ್ತೆ.

ಇನ್ನು ನಿದ್ದೆ. ಹದಿಹರೆಯದಲ್ಲಿ ನಿದ್ದೆಗೆ ಸೂಚನೆ ಕೊಡೋ ಹಾರ್ಮೋನ್ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತೆ, ಹಾಗಾಗಿ ಹತ್ತೂವರೆಯಾದರೂ ಮಲಗಲಿಲ್ಲ ಅಂತ ಬೈಯಬೇಡಿ. ಅಂಥವರನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಕೂರಿಸಿದರೆ, ಕಲಿತದ್ದನ್ನು ಗಟ್ಟಿ ಮಾಡೋ ನಿದ್ದೆಗೇ ಕತ್ತರಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅಜ್ಜಿ ತಾತ ಗೊಣಗಿದರೂ ಸರಿ, ಆರೂವರೆವರೆಗೆ ಮಲಗಲು ಬಿಡಿ.