ಮುಕ್ತಾಯದ ಲೆಕ್ಕದಲ್ಲಿ ಬಿದ್ದ ಅಳಿಲು: ಅನಿಮೇಶನ್ ಸಿನಿಮಾದ ರೀರೆಕಾರ್ಡಿಂಗ್, ನನ್ನ ಅನುಭವ

ಅನಿಮೇಶನ್ ಸಿನಿಮಾದ ರೀರೆಕಾರ್ಡಿಂಗನ್ನು (ಹಿನ್ನೆಲೆ ಸಂಗೀತವನ್ನು) ಕೊನ್ನಕೋಲಿನ, ಅಂದರೆ ಮೃದಂಗದ ಏಟುಗಳನ್ನು ಬಾಯಲ್ಲಿ ಹೇಳುವ ಕಲೆಯ, ಲೆಕ್ಕದಲ್ಲಿ ಮಾಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಮೊದಲ ಡೆಮೊ ಕೇಳಿದ ನಿರ್ದೇಶಕರು, "ಏನ್ ಸಾರ್, ಅಳಿಲಿಗೆ ರಂಗಪ್ರವೇಶ ಮಾಡಿಸ್ತಿದೀರಾ?" ಅಂದರು. ಮಿಕ್ಸಿಂಗ್ ಎಂಜಿನಿಯರ್ ಹುಬ್ಬು ಏರಿಸಿ ಸುಮ್ಮನಾದರು. ಈಗ ಸಿನಿಮಾ ಮುಗಿದಿದೆ. ಅದೇ ನಿರ್ದೇಶಕರು ಮುಂದಿನ ಚಿತ್ರಕ್ಕೂ "ಆ ತಕದಿಮಿ ಲೆಕ್ಕದಲ್ಲೇ ಮಾಡಿ" ಅನ್ನುತ್ತಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಚಿತ್ರದ ಹೆಸರು ಮಾತ್ರ ಹೇಳುವ ಹಾಗಿಲ್ಲ, ಒಪ್ಪಂದ ಇದೆ.

ಕಷ್ಟ ಏನು ಅಂತ ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಮನುಷ್ಯರು ನಟಿಸಿದ ಸಿನಿಮಾದಲ್ಲಿ ನಿಮಿಷಕ್ಕೆ ಎರಡು ಮೂರು ಹಿಟ್ ಪಾಯಿಂಟ್ (ತೆರೆಯ ಮೇಲಿನ ಘಟನೆಗೆ ಸಂಗೀತ ಸರಿಯಾಗಿ ತಾಗಬೇಕಾದ ಜಾಗ) ಇದ್ದರೆ, ಮಕ್ಕಳ ಅನಿಮೇಶನ್‌ನಲ್ಲಿ ಹದಿನೈದು ಇರುತ್ತವೆ. ಜಾರುತ್ತದೆ, ಬೀಳುತ್ತದೆ, ಏಳುತ್ತದೆ, ಕಣ್ಣು ಪಿಳಿಪಿಳಿ ಬಿಡುತ್ತದೆ. ಎಲ್ಲಕ್ಕೂ ಸಂಗೀತ ಸರಿಯಾಗಿ ಬಂದು ಕೂರಬೇಕು. ಸಾಮಾನ್ಯವಾಗಿ ಎಲ್ಲರೂ ಟೆಂಪೊವನ್ನೇ (ಸಂಗೀತದ ವೇಗವನ್ನೇ) ಎಳೆದು, ಕುಗ್ಗಿಸಿ ಹೊಂದಿಸುತ್ತಾರೆ.

ನಾನೂ ಅದನ್ನೇ ಮಾಡುತ್ತಿದ್ದೆ. ಹಿಂದಿನ ಒಂದು ಕೆಲಸದಲ್ಲಿ ಒಂದು ನಿಮಿಷದ ಕ್ಯೂನಲ್ಲಿ (ಸಂಗೀತದ ತುಣುಕಿನಲ್ಲಿ) ಏಳೆಂಟು ಕಡೆ ಟೆಂಪೊ ಬದಲಾಗುತ್ತಿತ್ತು. ಚೆನ್ನೈನ ತಂತಿವಾದ್ಯದವರು ನುರಿತ ಜನ, ಕಿವಿಯಲ್ಲಿ ಬೀಟ್ ಹೇಳುವ ಕ್ಲಿಕ್ ಬಿಡಲಿಲ್ಲ. ಆದರೆ ನುಡಿಸಿದ್ದರಲ್ಲಿ ನಡೆಯೇ ಇರಲಿಲ್ಲ, ಎಲ್ಲರೂ ಕ್ಲಿಕ್ ಹಿಂದೆ ಓಡುತ್ತಿದ್ದರು. ಅಷ್ಟರಲ್ಲಿ ಲಾಕ್ ಆಗಿದೆ, ಇನ್ನು ಬದಲಾಗುವುದಿಲ್ಲ ಅಂದಿದ್ದ ಎಡಿಟ್ ಬದಲಾಯಿತು, ದೃಶ್ಯ ಒಂದು ಸೆಕೆಂಡ್ ಕಡಿಮೆಯಾಯಿತು. ಓಡಾಡುವ ಟೆಂಪೊವನ್ನು ಎಲ್ಲಿ ಅಂತ ಕತ್ತರಿಸುವುದು? ಮತ್ತೆ ರೆಕಾರ್ಡಿಂಗ್. ಹತ್ತಿರ ಹತ್ತಿರ ಒಂದೂವರೆ ಲಕ್ಷ ನನ್ನ ಜೇಬಿನಿಂದಲೇ ಹೋಯಿತು.

ಈ ಸಲ ಟೆಂಪೊ ಮುಟ್ಟಲೇ ಇಲ್ಲ. ಓಟದ ದೃಶ್ಯಗಳೆಲ್ಲ ನಿಮಿಷಕ್ಕೆ 120 ಬೀಟ್. ಸೆಕೆಂಡಿಗೆ 24 ಫ್ರೇಮ್ ಆದರೆ ಒಂದು ಬೀಟಿಗೆ 12 ಫ್ರೇಮ್. ಬೀಟನ್ನು ನಾಲ್ಕು ಅಕ್ಷರ ಮಾಡುವ ಚತುರಶ್ರ ನಡೆಯಲ್ಲಿ ಒಂದು ಅಕ್ಷರಕ್ಕೆ 3 ಫ್ರೇಮ್. ಮೂರು ಮಾಡುವ ತಿಶ್ರಕ್ಕೆ ಹೋದರೆ 4. ಕ್ಲಿಕ್ಕನ್ನು ಫ್ರೇಮಿನಲ್ಲಿ ಎಣಿಸುವುದು ಹೊಸದೇನಲ್ಲ, ಹಳೆಯ ಹಾಲಿವುಡ್ ಕಾರ್ಟೂನುಗಳ ಸಂಗೀತಗಾರ ಕಾರ್ಲ್ ಸ್ಟಾಲಿಂಗ್ ಕಾಲದವರೂ ಹಾಗೇ ಎಣಿಸುತ್ತಿದ್ದರು. ನಾನು ಸೇರಿಸಿದ್ದು ಮುಕ್ತಾಯ, ಒಂದೇ ಜತಿ ಮೂರು ಸಲ ಬಂದು ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಮುಗಿಯುವುದು. ಮೃದಂಗದವರು ತಾಳ ಹಿಗ್ಗಿಸಿ ಸಮಕ್ಕೆ ಬರುವುದಿಲ್ಲ ಅಲ್ವಾ? ಎಲ್ಲಿಂದ ಎತ್ತಿಕೊಂಡರೆ ಸಮಕ್ಕೆ ಬಂದು ಬೀಳುತ್ತದೆ ಅಂತ ಲೆಕ್ಕ ಹಾಕಿ ಎತ್ತಿಕೊಳ್ಳುತ್ತಾರೆ. ಅಳಿಲು ನೆಲಕ್ಕೆ ಬೀಳುವ ಫ್ರೇಮೇ ನನ್ನ ಸಮ.

ತದಿಗಿಣತೊಂ ಮೂರು ಸಲ ಅಂದರೆ 15 ಅಕ್ಷರ, 45 ಫ್ರೇಮ್. ನಡುವೆ ಎರಡೆರಡು ಅಕ್ಷರ ಕಾರ್ವೆ (ಖಾಲಿ ಜಾಗ) ಬಿಟ್ಟರೆ 19 ಅಕ್ಷರ, 57 ಫ್ರೇಮ್. ನಮ್ಮ ಅಳಿಲು ಕಾಲು ಜಾರಿದ್ದಕ್ಕೂ ನೆಲ ಮುಟ್ಟಿದ್ದಕ್ಕೂ ಮಧ್ಯೆ 62 ಫ್ರೇಮ್ ಇತ್ತು. ತಕಿಟತಕದಿಮಿ ಮೂರು ಸಲ ಹಾಕಿದೆ. 21 ಅಕ್ಷರ, 63 ಫ್ರೇಮ್. ಒಂದು ಫ್ರೇಮ್ ತಡ. ಇಷ್ಟು ತಡವಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಮುಂಚೆ ಬಂದರೆ ಚುಚ್ಚುತ್ತದೆ. ಹಾಗಾಗಿ ಶೇಷ ಉಳಿದರೆ ಯಾವಾಗಲೂ ತಡದ ಕಡೆಗೇ ತಳ್ಳುತ್ತೇನೆ.

ಹಣ ಉಳಿದದ್ದು ಇಲ್ಲಿ. ಈ ಸಲವೂ ಲಾಕ್ ಆದ ಮೇಲೆ ಎಡಿಟ್ ಬದಲಾಯಿತು, ಬದಲಾಗದೆ ಇರುತ್ತದೆಯೇ! ಒಂದು ಕಡೆ 18 ಫ್ರೇಮ್ ಹೋಯಿತು. ಐದು ಅಕ್ಷರದ ಖಂಡ ತೆಗೆದು ಮೂರರ ತಕಿಟ ಇಟ್ಟೆ. ಸುತ್ತಿಗೆ ಎರಡು ಅಕ್ಷರ ಕಡಿಮೆ, ಮೂರು ಸುತ್ತಿಗೆ ಆರು, ಸರಿಯಾಗಿ 18 ಫ್ರೇಮ್. ಟೆಂಪೊ ಒಂದೇ ಇದ್ದದ್ದರಿಂದ ರೆಕಾರ್ಡ್ ಆಗಿದ್ದರಲ್ಲೇ ಕತ್ತರಿಸಿ ಅಂಟಿಸಿದೆ. ಯಾರನ್ನೂ ಮತ್ತೆ ಕರೆಸಲಿಲ್ಲ. ಎಂಜಿನಿಯರ್ ಅವತ್ತಿನಿಂದ ಹುಬ್ಬು ಏರಿಸುವುದು ಬಿಟ್ಟರು.

ರಂಗಪ್ರವೇಶದ ದೂರು ಮಾತ್ರ ನಿಜವಾಗಿಯೂ ಕಾಡಿತು. ಮುಕ್ತಾಯವನ್ನು ಮೃದಂಗಕ್ಕೇ ಕೊಟ್ಟರೆ ಮಕ್ಕಳ ಸಿನಿಮಾ ಕಚೇರಿ ಆಗಿಬಿಡುತ್ತದೆ. ಮೃದಂಗದ ಮೇಷ್ಟ್ರಿಂದ ಅದನ್ನು ಬಾಯಲ್ಲಿ ಹೇಳಿಸಿ, ನುಡಿಸುವವರು ಕೇಳಿಕೊಳ್ಳಲು ಗೈಡ್ ಟ್ರ್ಯಾಕ್ ಮಾಡಿಕೊಂಡೆ. ಅದೇ ಏಟುಗಳನ್ನು ಕ್ಲಾರಿನೆಟ್, ಕ್ಸೈಲೊಫೋನ್ ಮತ್ತು ಪಿಟೀಲುಗಳ ಪಿಜ್ಜಿಕಾಟೊಗೆ (ತಂತಿಯನ್ನು ಬೆರಳಲ್ಲಿ ಮೀಟುವುದಕ್ಕೆ) ಹಂಚಿದೆ. ಮೊದಲ ಸೆಷನ್ನಿನಲ್ಲಿ 5/16, 7/16 ಅಂತ ಐದು, ಏಳರ ಲೆಕ್ಕದಲ್ಲೇ ಬರೆದುಕೊಟ್ಟಿದ್ದೆ, ಅರ್ಧ ದಿನ ಹಾಳಾಯಿತು. ಅದನ್ನೇ ಮಾಮೂಲಿ ನಾಲ್ಕು ಬೀಟಿನ 4/4ರಲ್ಲಿ ಬರೆದು ಒತ್ತು ಬೀಳುವ ಕಡೆ ಗುರುತು ಹಾಕಿದ ಮೇಲೆ ಎರಡನೇ ಟೇಕಿಗೇ ಸಿಕ್ಕಿತು. ಗೈಡನ್ನು ಅವರ ಕಿವಿಗೆ ಎಷ್ಟು ಕೇಳಿಸಬೇಕು, ಯಾವಾಗ ತೆಗೆಯಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಫ್ರೇಮಿನಿಂದ ಅಕ್ಷರಕ್ಕೆ ಮಾಡಿಕೊಂಡಿರುವ ಪಟ್ಟಿಯೂ ಅಷ್ಟೇ.

ಇನ್ನೊಂದು. ಬಿದ್ದ ಸದ್ದು ಎಫೆಕ್ಟ್ಸ್‌ನವರದು. ಅದೇ ಫ್ರೇಮಿಗೆ ನಿಮ್ಮ ಏಟೂ ಬಂದರೆ ಮಿಕ್ಸಿಂಗಿನಲ್ಲಿ ಇಳಿಸುವುದು ನಿಮ್ಮದನ್ನೇ. ಜೋರಾಗಿ ಬೀಳುವ ಕಡೆ ನಾನು ಮುಕ್ತಾಯ ಮುಗಿಸಿ ಏಟು ಹಾಕುವುದೇ ಇಲ್ಲ, ನೆಲ ಹಾಕಲಿ ಅಂತ ಬಿಡುತ್ತೇನೆ. ಇದಕ್ಕೆ ಥಿಯೇಟರಿನಲ್ಲಿ ಮಕ್ಕಳು ನಕ್ಕಷ್ಟು ಬೇರೆ ಯಾವುದಕ್ಕೂ ನಗಲಿಲ್ಲ.

ಮಧ್ಯೆ ಕೆಲವು ಆಟಗಳನ್ನೂ ಆಡಿದೆ. ಆನೆಗೆ ಡೊಳ್ಳು ಇಟ್ಟು ನೋಡಿದೆ. ಕೇಳಲು ಭರ್ಜರಿ, ಆದರೆ ಕೆಳಗಿನ ಸ್ಥಾಯಿಯ ಸದ್ದೆಲ್ಲ ಅದೇ ನುಂಗಿ ಮಾತು ಕೇಳಿಸದಂತಾಯಿತು, ತೆಗೆದೆ. ಜೀರುಂಡೆಗೆ ಮೋರ್ಸಿಂಗ್ ಇಟ್ಟದ್ದು ಚೆನ್ನಾಗಿ ಕೂತಿತು. ಚನ್ನಪಟ್ಟಣದ ಮರದ ಗಿಲಕಿಗಳನ್ನು ಒಂದು ಬುಟ್ಟಿ ತಂದು, ಒಂದೊಂದಾಗಿ ಮೈಕ್ ಮುಂದೆ ಆಡಿಸಿದೆ. ಅಂಗಡಿಯಲ್ಲಿ ಸಿಗುವ ಶೇಕರ್‌ಗಿಂತ ಮೆತ್ತಗಿನ ಸದ್ದು, ಮಕ್ಕಳ ದನಿಗೆ ಅಡ್ಡ ಬರುವುದಿಲ್ಲ. ಖರ್ಚು ಎಂಟುನೂರೋ ಒಂಬೈನೂರೋ. ಇಡೀ ಸಿನಿಮಾದಲ್ಲಿ ಅದು ಕೇಳಿಸದ ರೀಲಿಲ್ಲ.

ಲೆಕ್ಕ ಕೇಳುವವರಿಗೆ: ಸುಮಾರು 80 ನಿಮಿಷದ ಸಿನಿಮಾ, ಅದರಲ್ಲಿ ಒಂದು ಗಂಟೆಯ ಹತ್ತಿರ ಸಂಗೀತ. ಕೈಗೆ ಬಂದದ್ದು 9 ಲಕ್ಷದ ಆಸುಪಾಸು. ನಿರ್ಮಾಪಕರು ಬುಡಾಪೆಸ್ಟ್‌ನಲ್ಲಿ ಆನ್‌ಲೈನ್ ಸೆಷನ್ ಮಾಡಿ, ಅಲ್ಲಿನ ಆರ್ಕೆಸ್ಟ್ರಾ ನುಡಿಸಲಿ ಅಂದರು. ಮಾಡಿದ್ದರೆ ಅರ್ಧ ದುಡ್ಡು ಒಂದೇ ದಿನಕ್ಕೆ ಖಾಲಿ. ತಂತಿವಾದ್ಯಕ್ಕೆ ಮೂರೂವರೆ, ಊದುವ ವಾದ್ಯಗಳಿಗೆ ಒಂದು, ಸ್ಟುಡಿಯೋ ಮತ್ತು ಮಿಕ್ಸಿಂಗಿಗೆ ಎರಡರ ಹತ್ತಿರ, ಮೇಷ್ಟ್ರಿಗೂ ಕಾಪಿ ಬರೆದವರಿಗೂ ಸೇರಿ ಅರವತ್ತು ಎಪ್ಪತ್ತು ಸಾವಿರ. ಉಳಿದದ್ದು ನನಗೆ. ಒಂಬತ್ತು ಹತ್ತು ತಿಂಗಳ ದುಡಿಮೆಗೆ ಜಾಸ್ತಿಯೇನಲ್ಲ, ಆದರೆ ಹಿಂದಿನ ಸಲದ ಹಾಗೆ ಕೈಯಿಂದ ಹೋಗಲಿಲ್ಲ.

ಮಾಡಿ ನೋಡುವವರಿಗೆ ಒಂದೇ ಮಾತು: ಅನಿಮ್ಯಾಟಿಕ್ (ಚಿತ್ರದ ಕರಡು ವಿಡಿಯೊ) ಸೆಕೆಂಡಿಗೆ ಎಷ್ಟು ಫ್ರೇಮಿನದು ಅಂತ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. 25ರಲ್ಲಿ ಬಂದರೆ ಮೂರರ ಮಗ್ಗಿಯೆಲ್ಲ ಕೆಡುತ್ತದೆ. ಆಗ 125ಕ್ಕೆ ಟೆಂಪೊ ಇಡಿ, ಮತ್ತೆ ಬೀಟಿಗೆ 12 ಫ್ರೇಮ್ ಸಿಗುತ್ತದೆ.