ಹೋಂಸ್ಟೇ ಹುಡುಗರಿಗೆ ಇಂಗ್ಲಿಷ್ ಒತ್ತು

ಮಡಿಕೇರಿಯ ನಮ್ಮ ಹೋಂಸ್ಟೇಗೆ ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಮೊದಲು ವ್ಯಾಕರಣ ಹೇಳಿಕೊಡುವುದಿಲ್ಲ, ಒತ್ತು, ಅಂದರೆ ಇಂಗ್ಲಿಷ್ ಪದದ ಯಾವ ತುಂಡನ್ನು ಜೋರಾಗಿ ಹೇಳಬೇಕು ಎಂಬುದನ್ನು ಹೇಳಿಕೊಡುತ್ತೇನೆ. ಕನ್ನಡದಲ್ಲಿ ಬರೆದ ಸ್ವರವನ್ನೆಲ್ಲ ಪೂರ್ತಿ ಹೇಳುತ್ತೇವೆ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಒಂದು ಕಡೆ ಜೋರು, ಉಳಿದದ್ದು ಸಪ್ಪೆ.

'ಪ್ಲಾಂಟೇಶನ್' ತಗೊಳ್ಳಿ. 'ಟೇ' ಮೇಲೆ ಭಾರ ಹಾಕಿ, ಸ್ವಲ್ಪ ಎಳೆಯಿರಿ. ಕೊನೆಯ ಸ್ವರವನ್ನು ಹೆಚ್ಚುಕಡಿಮೆ ನುಂಗಿಬಿಡಿ. 'ಶನ್' ಎಂದು ಮುಗಿಯುವ ರಿಸರ್ವೇಶನ್, ಲೊಕೇಶನ್‌ಗೂ ಇದೇ ಲೆಕ್ಕ, ಅದರ ಹಿಂದಿನ ತುಂಡಿಗೆ ಒತ್ತು. 'ಹೋಟೆಲ್'ನಲ್ಲಿ 'ಟೆಲ್' ಜೋರು. 'ಬ್ರೇಕ್‌ಫಾಸ್ಟ್' ಅಂತೂ 'ಬ್ರೆಕ್‌ಫಸ್ಟ್'. 'ಫಾಸ್ಟ್' ಎಂದು ಎಳೆಯಲೇಬೇಡಿ.

ಆ ಸಪ್ಪೆ ಸ್ವರದ ಹೆಸರು ಶ್ವಾ. ಬಾಯಿ ಸುಮ್ನೆ ಅರೆ ತೆರೆದು, ತುಟಿ ದುಂಡಗೆ ಮಾಡದೆ, ನಾಲಿಗೆಯನ್ನು ನಡುವೆ ಸಡಿಲ ಬಿಟ್ಟರೆ ಬರುತ್ತದೆ. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಕನ್ನಡಕ್ಕಿಲ್ಲದ ನಡುನಾಲಿಗೆಯ ಸ್ವರಗಳಿವೆ, ಅಲ್ವಾ? ಕೊಡವ ಹುಡುಗರಿಗೆ ಇದು ಬೇಗ ಹತ್ತುತ್ತದೆ. ನನ್ನಂಥ ಕುಶಾಲನಗರದ ಕನ್ನಡದವರಿಗೆ ಜಾಸ್ತಿ ಹೊತ್ತು ಬೇಕು.

ಡಿಕ್ಷನರಿಯಲ್ಲಿ ಉಚ್ಚಾರಣೆ ನೋಡುವಾಗ ಮೇಲ್ಗಡೆಯ ಪುಟ್ಟ ಗೀಟು ಹುಡುಕಿ. ಅದರ ನಂತರದ ತುಂಡೇ ಜೋರು. ಅಲ್ಲಿ ಮೇಜು ತಟ್ಟಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ.