ಪುಟ್ಟ ಮಕ್ಕಳ ಜೊತೆ ಜಂಬೂ ಸವಾರಿ: ಮೊದಲು ಗಡಿಯಾರ ನೋಡಿ, ಆಮೇಲೆ ಜಾಗ

ಮೈಸೂರಿನ ಜಂಬೂ ಸವಾರಿಗೆ ಈ ಸಲ ಮಕ್ಕಳನ್ನೂ ಕರೆದುಕೊಂಡು ಹೋಗೋಣ ಅಂತಿದ್ದೀರಾ? ಹಾಗಾದರೆ ಬಟ್ಟೆ ಜೋಡಿಸುವ ಮೊದಲು ಸಮಯದ ಲೆಕ್ಕ ಹಾಕಿ. ಎಲ್ಲರೂ ನೋಡಬೇಕು ಅಂತ ಬರುವುದು 750 ಕೆ.ಜಿ. ತೂಕದ ಚಿನ್ನದ ಅಂಬಾರಿಯನ್ನು. ಆದರೆ ಅದು ಬರುವುದು ಮೆರವಣಿಗೆಯ ಕಟ್ಟಕಡೆಗೆ. 2025ರಲ್ಲಿ ಮೆರವಣಿಗೆ ಶುರು ಮಾಡುವ ನಂದಿಧ್ವಜ ಪೂಜೆ ಮಧ್ಯಾಹ್ನ 1ರ ಹೊತ್ತಿಗೆ ಇತ್ತು, ಅಂಬಾರಿಗೆ ಪುಷ್ಪಾರ್ಚನೆ ಮಾಡುವ ಮುಹೂರ್ತ ಸಂಜೆ 4.42ರಿಂದ. ನಡುವಿನ ಮೂರೂವರೆ ಗಂಟೆಯೂ ಕಲಾತಂಡ ಮತ್ತು ಸ್ತಬ್ಧಚಿತ್ರಗಳದ್ದು. ಒಳ್ಳೆ ಜಾಗ ಬೇಕು ಅಂತ ಜನ ಬೆಳಿಗ್ಗೆ ಹತ್ತಕ್ಕೇ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತ್ ಹಿಡಿದು ಕೂತಿರುತ್ತಾರೆ. ಅಂದರೆ ಏಳು ಗಂಟೆ ಕಾಯುವ ಕೆಲಸ. ನಾಲ್ಕು ವರ್ಷದ ಮಗು ಅಷ್ಟು ಹೊತ್ತು ಒಂದೇ ಕಡೆ ಕೂರುತ್ತಾ? ದೊಡ್ಡವರಿಗೇ ಆಗುವುದಿಲ್ಲ.

ಅದಕ್ಕೇ ನನ್ನ ಸಲಹೆ ಇಷ್ಟು: ಮಕ್ಕಳಿಗೆ ಕಲಾತಂಡ ಮತ್ತು ಆನೆ ತೋರಿಸಲು ಹೋಗಿ. ಅಂಬಾರಿ ಕಂಡರೆ ಲಾಭ, ಕಾಣದಿದ್ದರೆ ನಷ್ಟವಿಲ್ಲ. ಇದನ್ನು ಮನೆಯಲ್ಲಿ ಹಿರಿಯರಿಗೂ ಮೊದಲೇ ಹೇಳಿಡಿ. ಮಗು ರಚ್ಚೆ ಹಿಡಿದು ಅಳುವಾಗ, "ಇಷ್ಟು ದೂರ ಬಂದು ಅಂಬಾರಿಯಲ್ಲಿರೋ ಚಾಮುಂಡಿ ತಾಯಿ ದರ್ಶನ ಮಾಡದೆ ಹೋಗೋದಾ" ಅಂತ ಅಜ್ಜಿಯೂ ಶುರು ಮಾಡಿದರೆ ನಿಮ್ಮ ಪ್ಲಾನ್ ಅಲ್ಲಿಗೇ ಮುಗಿಯಿತು.

ಮೂರು ವರ್ಷದೊಳಗಿನ ಮಗುವಾ? ತಾಲೀಮು ಸಾಕು

ತೀರಾ ಚಿಕ್ಕ ಮಕ್ಕಳನ್ನು ವಿಜಯದಶಮಿಯ ದಿನ ಆ ರಸ್ತೆಗೆ ಕರೆತರುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವರಿಗೆ ಬೇಕಿರುವುದು ಆನೆ ತಾನೇ? ಅದು ವಾರಗಟ್ಟಲೆ ಮೊದಲೇ ಸಿಗುತ್ತದೆ. ನಾಗರಹೊಳೆ ಕಾಡಂಚಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಅರಮನೆಗೆ ಬರುವ ಆನೆಗಳಿಗೆ ದಿನವೂ ತಾಲೀಮು ಇರುತ್ತದೆ. ಜಂಬೂ ಸವಾರಿ ಹೋಗುವ ಅದೇ ದಾರಿಯಲ್ಲಿ, ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡಿಗೆ. ಮೊದಮೊದಲು ಬರೀ ಮೈಯಲ್ಲಿ ನಡೆಸುತ್ತಾರೆ, ಆಮೇಲೆ ಬೆನ್ನಿಗೆ ಮರಳಿನ ಮೂಟೆ ಹೊರಿಸುತ್ತಾರೆ, ಹಬ್ಬ ಹತ್ತಿರ ಬಂದಾಗ ಮರದ ಅಂಬಾರಿ ಕಟ್ಟುತ್ತಾರೆ. ಬೆಳಗಿನ ತಂಪಿನಲ್ಲಿ ಸಯ್ಯಾಜಿರಾವ್ ರಸ್ತೆ ಬದಿ ನಿಂತರೆ ಟಿಕೆಟ್ ಬೇಡ, ನೂಕುನುಗ್ಗಲಿಲ್ಲ. 2020ರಿಂದ ಅಂಬಾರಿ ಹೊರುತ್ತಿರುವ ಅಭಿಮನ್ಯು ನಿಮ್ಮ ಮಗುವಿನ ಎದುರಿಗೇ ಕಿವಿ ಬೀಸುತ್ತಾ ಹೋಗುತ್ತಾನೆ. ಹತ್ತಿರ ಹೋಗಿ ಸೊಂಡಿಲು ಮುಟ್ಟಿ ಫೋಟೊ ತೆಗೆಸಿಕೊಳ್ಳಲು ಮಾತ್ರ ಹೋಗಬೇಡಿ.

ಅದೇ ದಿನ ಮಧ್ಯಾಹ್ನ ಮಗು ನಿದ್ದೆ ಮಾಡಲಿ. ದಸರಾ ಶುರುವಾಗಿದ್ದರೆ ಸಂಜೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ, ಅರಮನೆಯ ದೀಪ ನೋಡಿ ಬನ್ನಿ.

ರಸ್ತೆಯ ಯಾವ ಬದಿ?

ಮೆರವಣಿಗೆ ನೋಡೇ ನೋಡಬೇಕು ಅನ್ನುವವರು ಇದನ್ನು ಗಮನವಿಟ್ಟು ಓದಿ, ಏಕೆಂದರೆ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಬ್ಯಾರಿಕೇಡ್ ಹಾಕಿದ ಮೇಲೆ ಊರು ಎರಡು ಭಾಗವಾಗುತ್ತದೆ. ಅರಮನೆ, ಚಾಮರಾಜ ಸರ್ಕಲ್, ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ಸರ್ಕಲ್, ಹೈವೇ ಸರ್ಕಲ್, ಬನ್ನಿಮಂಟಪ, ಇಷ್ಟುದ್ದಕ್ಕೂ ಈ ಬದಿಯಿಂದ ಆ ಬದಿಗೆ ದಾಟಲು ಬಿಡುವುದಿಲ್ಲ. ಮಗುವಿಗೆ ಜ್ವರ ಬಂದಂತಿದೆ, ಲಾಡ್ಜ್ ಮಾತ್ರ ಆಚೆ ಬದಿಗಿದೆ ಅಂದರೆ ಏನು ಮಾಡುತ್ತೀರಿ?

ಹಾಗಾಗಿ ವಾಪಸ್ ಹೋಗುವ ದಾರಿ ಯಾವ ಕಡೆಗಿದೆಯೋ ಆ ಬದಿಯಲ್ಲೇ ನಿಲ್ಲಿ. ರೈಲಿನಲ್ಲಿ ಬಂದವರು ಸಯ್ಯಾಜಿರಾವ್ ರಸ್ತೆಯ ಪಶ್ಚಿಮಕ್ಕೆ, ಅಂದರೆ ದೇವರಾಜ ಮಾರ್ಕೆಟ್ ಇರುವ ಬದಿಗೆ ನಿಲ್ಲಬೇಕು. ಆಯುರ್ವೇದ ಆಸ್ಪತ್ರೆ ಸರ್ಕಲ್ಲಿನಿಂದ ಇರ್ವಿನ್ ರಸ್ತೆ ಹಿಡಿದರೆ ನಡೆದೇ ರೈಲ್ವೆ ಸ್ಟೇಷನ್ ಸೇರಬಹುದು. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಯೂ ಅಲ್ಲೇ ಹತ್ತಿರ. ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದು ಸಬರ್ಬನ್ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಪೂರ್ವದ ಬದಿಯೇ ಸರಿ.

ಬದಿ ಗೊತ್ತಾದ ಮೇಲೆ ಜಾಗ. ಕೆ.ಆರ್. ಸರ್ಕಲ್ ಬೇಡವೇ ಬೇಡ. ಟಿವಿಯಲ್ಲಿ ಚೆನ್ನಾಗಿ ಕಾಣುವ ಜಾಗ ಅದು, ಮಕ್ಕಳನ್ನು ಎತ್ತಿಕೊಂಡು ನಿಲ್ಲುವ ಜಾಗ ಅಲ್ಲ. ಉತ್ತರಕ್ಕೆ ಹೋದಷ್ಟೂ, ಹೈವೇ ಸರ್ಕಲ್ ದಾಟಿ ಬನ್ನಿಮಂಟಪದ ಕಡೆ ಹೋದಷ್ಟೂ, ಉಸಿರಾಡಲು ಸ್ವಲ್ಪ ಜಾಗ ಇರುತ್ತದೆ. ಅಲ್ಲಿಗೆ ಅಂಬಾರಿ ಬರುವಷ್ಟರಲ್ಲಿ ಕತ್ತಲಾಗಬಹುದು, ಅದೊಂದು ತೊಂದರೆ. ಎಲ್ಲೇ ನಿಂತರೂ ನಿಮ್ಮ ಬೆನ್ನ ಹಿಂದೆ ಒಂದು ಅಡ್ಡರಸ್ತೆ ಇರಲಿ, ಅದು ಎಲ್ಲಿಗೆ ಹೋಗುತ್ತದೆ ಅಂತ ಜನ ಸೇರುವ ಮೊದಲೇ ಒಮ್ಮೆ ನಡೆದು ನೋಡಿ. ಹಳೇ ಕಟ್ಟಡಗಳ ಕೆಳಗೆ, ಮೇಲೆ ಎರಡೂ ಕಡೆ ಬೇಡ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜನ ಸತ್ತರು, ದೇವರಾಜ ಮಾರ್ಕೆಟ್ಟಿನ ಒಂದು ಭಾಗ 2016ರಲ್ಲಿ ಬಿತ್ತು. ಆದರೂ ಪೊಲೀಸರ ಕಣ್ಣು ತಪ್ಪಿಸಿ ಮೇಲೆ ಹತ್ತುವವರು ಇದ್ದೇ ಇರುತ್ತಾರೆ. ಮಗು ಎತ್ತಿಕೊಂಡು ಅವರ ಹಿಂದೆ ಹೋಗಬೇಡಿ.

ಜಾಗ ಹಿಡಿದ ಮೇಲೆ ಒಂದು ಪರೀಕ್ಷೆ ಮಾಡಿ. ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ರಸ್ತೆ ಕಡೆ ನೋಡಿ. ಕಾಣುವುದು ಬರೀ ಪ್ಯಾಂಟು, ಸೀರೆ ನೆರಿಗೆ, ಬ್ಯಾರಿಕೇಡಿನ ಕಂಬಿ ಆಗಿದ್ದರೆ ಮಗುವಿಗೆ ಮೆರವಣಿಗೆ ಅಂದರೆ ಅಷ್ಟೇ. ಹೆಗಲ ಮೇಲೆ ಕೂರಿಸಿಕೊಳ್ಳುತ್ತೀನಿ ಅಂತೀರಾ? ಕೂರಿಸಿಕೊಳ್ಳಿ, ಎರಡೇ ನಿಮಿಷಕ್ಕೆ ಹಿಂದಿನಿಂದ "ಸ್ವಲ್ಪ ಇಳಿಸಿ ಸಾರ್, ನಮಗೂ ಕಾಣಲಿ" ಅಂತ ಶುರುವಾಗುತ್ತದೆ. ಅವರು ಹೇಳುವುದೂ ನ್ಯಾಯವೇ. ಬ್ಯಾರಿಕೇಡ್ ಪಕ್ಕದ ಮೊದಲ ಸಾಲು ಸಿಗದಿದ್ದರೆ ಕಡೇ ಸಾಲಿಗೆ ಹೋಗಿ, ಯಾವುದಾದರೂ ಗಟ್ಟಿ ಕಟ್ಟೆ ಅಥವಾ ಮೆಟ್ಟಿಲು ಹುಡುಕಿ. ನಡುವೆ ಮಾತ್ರ ಸಿಕ್ಕಿಕೊಳ್ಳಬೇಡಿ. "ಮಗೂನ ಮುಂದಕ್ಕೆ ಕಳಿಸಿಯಮ್ಮ" ಅಂತ ಮುಂದಿನವರು ಒಳ್ಳೆ ಮನಸ್ಸಿನಿಂದ ಕರೆಯುತ್ತಾರೆ. ನೀವೂ ಜೊತೆಗೆ ಹೋಗುವಂತಿದ್ದರೆ ಮಾತ್ರ ಕಳಿಸಿ.

ಅರಮನೆ ಒಳಗಿನ ಸೀಟಿಗೆ ಪಾಸ್, ಗೋಲ್ಡ್ ಕಾರ್ಡ್ ಇರುತ್ತವೆ. ನೆರಳು, ಕುರ್ಚಿ ಸಿಗಬಹುದು. ಆದರೆ ಬೇಗ ಹೋಗಿ ಕೂರಬೇಕು, ನಡುವೆ ಎದ್ದು ಬರುವುದು ಕಷ್ಟ. ಎಂಟು ಹತ್ತು ವರ್ಷದವರಿಗೆ ಪರವಾಗಿಲ್ಲ, ಅದಕ್ಕಿಂತ ಚಿಕ್ಕವರಿಗೆ ದುಡ್ಡು ದಂಡ.

ಬ್ಯಾಗು

ತಳ್ಳುಗಾಡಿ ಬೇಡ, ಆ ಜನಸಂದಣಿಯಲ್ಲಿ ಅದನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಾಗುತ್ತದೆ. ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಇದ್ದರೆ ತನ್ನಿ. ಕೂರಲು ಹಳೇ ಬೆಡ್‌ಶೀಟ್, ಟೋಪಿ, ನೀರು. ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಸಂಜೆ ಹಿಂಗಾರು ಮಳೆ, ಎರಡೂ ಒಂದೇ ದಿನ ಬರಬಹುದು. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಏನೂ ಕಾಣದು, ಅದಕ್ಕೆ ತೆಳುವಾದ ರೇನ್‌ಕೋಟೇ ಒಳ್ಳೆಯದು. ಊಟಕ್ಕೆ ಕೈಗೆ ಅಂಟದ್ದು ಇರಲಿ: ಚಪಾತಿ ಸುರುಳಿ, ಬಾಳೆಹಣ್ಣು, ನಿಪ್ಪಟ್ಟು, ಕೋಡುಬಳೆ. ದೊಡ್ಡವರಿಗೆ ಪುಳಿಯೋಗರೆ. ಚುರುಮುರಿ, ಕತ್ತರಿಸಿಟ್ಟ ಅನಾನಸ್ ಎಲ್ಲಾ ಅಲ್ಲೇ ಮಾರಲು ಬರುತ್ತವೆ. ನನಗೆ ಚುರುಮುರಿ ಬಗ್ಗೆ ತಕರಾರಿಲ್ಲ, ಧೂಳಲ್ಲಿ ತೆರೆದಿಟ್ಟ ಹಣ್ಣಿನ ಬಗ್ಗೆ ಇದೆ.

ಇನ್ನು ಮುಜುಗರದ ವಿಷಯ. ಹತ್ತಿರ ಶೌಚಾಲಯ ಇದ್ದರೂ ಅಲ್ಲಿಗೆ ಹೋಗಿ ವಾಪಸ್ ಅದೇ ಜಾಗಕ್ಕೆ ಬರುವುದು ಸುಲಭವಲ್ಲ. ಡೈಪರ್ ಬಿಡಿಸಿ ಆರು ತಿಂಗಳಾಗಿದ್ದರೂ ಆ ಒಂದು ದಿನ ಮತ್ತೆ ಹಾಕಿ. ಮಗು ಏನೂ ಮರೆತುಹೋಗುವುದಿಲ್ಲ.

ಕೈ ತಪ್ಪಿದರೆ

ಬೆಳಿಗ್ಗೆ ಹೊರಡುವಾಗಲೇ ಹಾಕಿದ ಬಟ್ಟೆಯಲ್ಲೇ ಮಗುವಿನದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಅಂಗಿಯ ಬಣ್ಣ ನೆನಪಿಗೆ ಬರುವುದಿಲ್ಲ. ಮುಂಗೈ ಒಳಬದಿಗೆ ಬಾಲ್‌ಪೆನ್ನಿನಲ್ಲಿ ಎರಡು ಫೋನ್ ನಂಬರ್ ಬರೆಯಿರಿ, ಒಂದು ನಿಮ್ಮದು, ಇನ್ನೊಂದು ಮನೆಯಲ್ಲೇ ಉಳಿದವರದ್ದು. ಅಷ್ಟು ಜನರ ನಡುವೆ ನಿಮ್ಮ ಫೋನಿಗೆ ನೆಟ್‌ವರ್ಕ್ ಸಿಗದೇ ಹೋಗಬಹುದು. ಹೆಸರು ಮಾತ್ರ ಎಲ್ಲರಿಗೂ ಕಾಣುವಂತೆ ಬರೆಯಬೇಡಿ. "ಅಮ್ಮ ಕಾಣದಿದ್ದರೆ ಎಲ್ಲೂ ಓಡಬೇಡ, ಅಲ್ಲೇ ನಿಂತು ಕೂಗು, ಖಾಕಿ ಬಟ್ಟೆ ಪೊಲೀಸ್ ಮಾಮನ ಹತ್ತಿರ ಹೋಗು" ಅಂತ ಮನೆಯಲ್ಲೇ ಎರಡು ಮೂರು ಸಲ ಆಟದಂತೆ ಹೇಳಿಸಿ. ಇದಕ್ಕಾಗಿಯಾದರೂ ಪೊಲೀಸ್ ಹಿಡಿದುಕೊಂಡು ಹೋಗ್ತಾರೆ ಅಂತ ಮಕ್ಕಳನ್ನು ಹೆದರಿಸುವುದನ್ನು ಬಿಡಿ. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098.

ಕಾಯುವುದು, ನೋಡುವುದು

ಹತ್ತಕ್ಕೇ ಹೋಗಿ ಕೂರಬೇಕಾದರೆ ಇಡೀ ಕುಟುಂಬ ಕೂರುವುದು ಬೇಡ. ಇಬ್ಬರು ದೊಡ್ಡವರು ಜಾಗ ಹಿಡಿಯಲಿ, ಉಳಿದವರು ಮಕ್ಕಳಿಗೆ ಉಣ್ಣಿಸಿ, ಒಂದು ನಿದ್ದೆ ತೆಗೆಸಿ, ನಂದಿಧ್ವಜ ಪೂಜೆಗೆ ಸ್ವಲ್ಪ ಮೊದಲು ಸೇರಿಕೊಳ್ಳಲಿ. ಅಡ್ಡರಸ್ತೆ ಇರುವ ಜಾಗ ಹಿಡಿಯಿರಿ ಅಂದದ್ದು ಇದಕ್ಕೂ ಸೇರಿ.

ಆಮೇಲೆ ಮಕ್ಕಳಿಗೆ ನಿಜವಾದ ಹಬ್ಬ. ಡೊಳ್ಳು ಬಡಿದರೆ ಎದೆಯೊಳಗೇ ಬಡಿದಂತಾಗುತ್ತದೆ. ವೀರಗಾಸೆಯವರ ಕತ್ತಿ, ಕಂಸಾಳೆಯವರ ಪಲ್ಟಿ, ಪೂಜಾ ಕುಣಿತ, ಕೀಲುಕುದುರೆ. ನನ್ನನ್ನು ಕೇಳಿದರೆ ಮಕ್ಕಳ ಕಣ್ಣಿಗೆ ಅಂಬಾರಿಗಿಂತ ದೊಡ್ಡದು ಗಾರುಡಿ ಗೊಂಬೆ. ಆಳೆತ್ತರ ಮೀರಿದ ಗೊಂಬೆ ತಲೆ ತೂಗುತ್ತಾ ಬ್ಯಾರಿಕೇಡ್ ಪಕ್ಕಕ್ಕೇ ಬಂದು ಬಗ್ಗಿದರೆ ಕೆಲವು ಮಕ್ಕಳು ಕೇಕೆ ಹಾಕುತ್ತಾರೆ, ಕೆಲವರು ಅಪ್ಪನ ಕುತ್ತಿಗೆ ಬಿಗಿಯಾಗಿ ಹಿಡಿದು ಮುಖ ಮುಚ್ಚಿಕೊಳ್ಳುತ್ತಾರೆ. ಹೆದರಿದರೆ ಗೊಂಬೆಯ ಹೊಟ್ಟೆ ತೋರಿಸಿ, ಒಳಗಿರುವವನು ಹೊರಗೆ ನೋಡಲು ಅಲ್ಲೊಂದು ಕಿಂಡಿ ಇರುತ್ತದೆ. ಅದರಲ್ಲಿ ಮನುಷ್ಯನ ಕಣ್ಣು ಕಂಡ ಮೇಲೆ ಅರ್ಧ ಹೆದರಿಕೆ ಹೋಗುತ್ತದೆ. ಸ್ತಬ್ಧಚಿತ್ರ ಬಂದಾಗ ಯಾವ ಜಿಲ್ಲೆಯದು ಅಂತ ಕೇಳಿ. ಓದಲು ಕಲಿಯುತ್ತಿರುವವರು ಬೋರ್ಡ್ ಓದಿಕೊಂಡೇ ಒಂದು ಗಂಟೆ ಕಳೆಯುತ್ತಾರೆ.

ಪೀಪಿ ಬೇಕು ಅಂತ ಹಟ ಮಾಡುತ್ತಾರೆ. ನಿಮ್ಮಿಷ್ಟ, ಸುಮ್ನೆ ಅಕ್ಕಪಕ್ಕದವರ ಕಿವಿಯನ್ನೂ ನೆನೆಸಿಕೊಳ್ಳಿ.

ಪುಷ್ಪಾರ್ಚನೆಯ ಹೊತ್ತಿಗೆ 21 ಕುಶಾಲತೋಪು ಹಾರಿಸುತ್ತಾರೆ. ಅರಮನೆ ಹತ್ತಿರ ಇದ್ದರೆ ಈ ಸದ್ದಿಗೆ ಮಗು ಬೆಚ್ಚಿಬೀಳುತ್ತದೆ. "ಈಗ ಢಂ ಅನ್ನುತ್ತೆ, ಎಣಿಸೋಣ" ಅಂತ ಮೊದಲೇ ಹೇಳಿ, ಎರಡು ಕೈಯಿಂದ ಅದರ ಕಿವಿ ಮುಚ್ಚಿ. ಆನೆಗಳಿಗೂ ಈ ಸದ್ದು ರೂಢಿಯಾಗಲಿ ಅಂತ ವಾರಗಳ ಮೊದಲೇ ಫಿರಂಗಿ ಹಾರಿಸಿ ಅಭ್ಯಾಸ ಮಾಡಿಸುತ್ತಾರೆ ಅನ್ನುವುದನ್ನೂ ಹೇಳಿ, ಮಕ್ಕಳಿಗೆ ಅದು ಬಹಳ ಇಷ್ಟವಾಗುತ್ತದೆ. ಕೈಗೂಸಿದ್ದರೆ ಅರಮನೆ ಸುತ್ತಮುತ್ತ ಹೋಗಲೇಬೇಡಿ.

ಎದ್ದು ಹೊರಡುವುದು

ಎರಡೇ ಒಳ್ಳೆ ಸಮಯ. ಒಂದು, ಪುಷ್ಪಾರ್ಚನೆಗೆ ಅರ್ಧ ಗಂಟೆ ಮೊದಲು, ಎಲ್ಲರೂ ಒಳಕ್ಕೆ ನುಗ್ಗುತ್ತಿರುವಾಗ ಹಿಂದಿನ ಅಡ್ಡರಸ್ತೆಯಲ್ಲಿ ಆರಾಮಾಗಿ ಹೊರಬರುವುದು. ಇನ್ನೊಂದು, ಅಂಬಾರಿ ದಾಟಿ ಅರ್ಧ ಗಂಟೆ ಆದ ಮೇಲೆ. ಅಂಬಾರಿ ದಾಟಿದ ಆ ಕ್ಷಣ ಮಾತ್ರ ಏಳಬೇಡಿ, ಬ್ಯಾರಿಕೇಡ್ ಸರಿಸಿ ಎಲ್ಲರೂ ರಸ್ತೆಗೆ ಇಳಿಯುವ ಹೊತ್ತು ಅದು. ಗಟ್ಟಿ ಗೋಡೆಗೆ ಬೆನ್ನು ಕೊಟ್ಟು ಕೂತು, ಉಳಿದ ಚಪಾತಿ ತಿನ್ನಿಸಿ. ಮಗುವನ್ನು ನಡೆಸಬೇಡಿ, ಎತ್ತಿಕೊಳ್ಳಿ. ಇಬ್ಬರು ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಒಬ್ಬೊಬ್ಬ ದೊಡ್ಡವರು ಅಂತ ಮೊದಲೇ ಹಂಚಿಕೊಂಡಿರಬೇಕು. ಇಲ್ಲದಿದ್ದರೆ ನೀನು ಹಿಡಿದಿದ್ದೀಯ ಅಂದುಕೊಂಡೆ ಅಂತ ಇಬ್ಬರೂ ಅನ್ನುತ್ತೀರಿ.

ಬನ್ನಿಮಂಟಪದ ಪಂಜಿನ ಕವಾಯತು ಶುರುವಾಗುವುದೇ ಕತ್ತಲಾದ ಮೇಲೆ. ಇಡೀ ದಿನ ಬಿಸಿಲಲ್ಲಿದ್ದ ಮಕ್ಕಳಿಗೆ ಅದು ಬೇಡ, ರೂಮಿನ ಟಿವಿಯಲ್ಲಿ ನೋಡಿ. ಜೈಂಟ್ ವೀಲ್ ಆಸೆಯನ್ನೂ ಅಂದೇ ತೀರಿಸಬೇಕಾಗಿಲ್ಲ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ದಸರಾ ಮುಗಿದ ಮೇಲೂ ವಾರಗಟ್ಟಲೆ ಇರುತ್ತದೆ. ಯಾವುದಾದರೂ ಭಾನುವಾರ ಬನ್ನಿ, ಏಳು ಗಂಟೆಗೆ ಅರಮನೆ ದೀಪವೂ ಹತ್ತುತ್ತದೆ, ರಸ್ತೆ ದಾಟಲು ಯಾರನ್ನೂ ಕೇಳಬೇಕಾಗಿಲ್ಲ.